ಮನೆಗೆ ಬಂದು ಡ್ರೆಸ್ಸಿಂಗ್ ಮಾಡೋರು: ಐದಕ್ಕೆ ನಾಲ್ಕು

ನಮ್ಮವ್ವಗೆ ಹದಿನೆಂಟು ವರ್ಷದ ಶುಗರ್. ಎಡಗಾಲಿನ ಕಿರುಬೆರಳು ಕಪ್ಪಾಗಿ, ಆಪರೇಷನ್ ಮಾಡಿ ತೆಗೆದರು. ಹನ್ನೆರಡನೇ ದಿನ ಎರಡು ಹೊಲಿಗೆ ಬಿಚ್ಚಿಕೊಂಡು ಗಾಯ ಬಾಯಿ ತೆರೆಯಿತು. ದಿನಾ ಡ್ರೆಸ್ಸಿಂಗ್ ಆಗಬೇಕು ಅಂದರು. ಹುಬ್ಬಳ್ಳಿಯ ಗೋಪನಕೊಪ್ಪದಿಂದ ಆಸ್ಪತ್ರೆಗೆ ಆಟೋದಲ್ಲಿ ಕಾಲು ಇಳಿಬಿಟ್ಟುಕೊಂಡು ಹೋಗಿಬಂದರೆ ಸಂಜೆಗೆ ಪಾದ ಬಾತುಕೊಳ್ಳುತ್ತಿತ್ತು. ಅದಕ್ಕೇ ಮನೆಗೆ ಸಿಸ್ಟರನ್ನು ಕಳಿಸುವ ಇವರಿಗೆ ಫೋನ್ ಮಾಡಿದೆ. ಸಲಕ್ಕೆ 400 ರೂಪಾಯಿ, ಸಾಮಾನು ನಮ್ಮದು.

ಗದಗ ಕಡೆಯ ಸಿಸ್ಟರ್ ಒಬ್ಬರು ಬಂದರು. ಹಳೇ ಗಾಜ್ ಪಟ್ಟಿ ಗಾಯಕ್ಕೆ ಕಚ್ಚಿಕೊಂಡಿತ್ತು. ಆಸ್ಪತ್ರೆಯಲ್ಲಿ ಅದನ್ನು ಚರ್ ಅಂತ ಎಳೆದುಬಿಡುತ್ತಿದ್ದರು. ಅವ್ವನ ಪಾದ ಮರಗಟ್ಟಿರುವುದರಿಂದ ನೋವಾಗದು, ರಕ್ತ ಮಾತ್ರ ಬರುತ್ತಿತ್ತು. ಈ ಸಿಸ್ಟರ್ ಸಲೈನ್ ಸುರಿದು ಐದು ನಿಮಿಷ ಸುಮ್ಮನೆ ಕೂತರು. ಗಾಜ್ ತಾನೇ ಬಿಟ್ಟಿತು. ನಾನು ತಂದಿಟ್ಟಿದ್ದ ಹೈಡ್ರೋಜನ್ ಪೆರಾಕ್ಸೈಡ್ ಬಾಟಲಿ ನೋಡಿ, "ನೊರಿ ಬಂದ್ರ ಸ್ವಚ್ಛ ಆತು ಅನಸ್ತದ್ರಿ, ಖರೇ ಅಂದ್ರ ಹೊಸದಾಗಿ ಬರೋ ಮಾಂಸಾನೂ ಸುಡ್ತದ" ಅಂದರು. ಅತ್ತಿಯವರು ಹಚ್ಚಬೇಕು ಅಂತ ಹಿಡಿದುಕೊಂಡು ನಿಂತಿದ್ದ ಅರಿಷಿಣದ ಬಟ್ಟಲೂ ಒಳಗೆ ಹೋಯಿತು.

ಗಾಯದ ಅಂಚು ಬಹಳ ಹೊತ್ತು ಅರಿವೆ ಒಗೆದ ಬೆರಳಿನ ಹಾಗೆ ಬೆಳ್ಳಗೆ ನೆನೆದಿತ್ತು. ಒಳಗಿನ ನೀರನ್ನು ಹೀರದ ಪಟ್ಟಿ ಕಟ್ಟಿದರೆ ಹೀಗಾಗುತ್ತದಂತೆ, ದಪ್ಪ ಪ್ಯಾಡ್ ತರಿಸಿದರು. ಆಮೇಲೆ ಸುತ್ತ ಕೆಂಪಗಿದ್ದ ಜಾಗದ ಅಂಚಿಗೆ ಪೆನ್ನಿನಿಂದ ಗೆರೆ ಎಳೆದರು. ಇದ್ಯಾಕೆ ಅಂತ ನನಗೆ ನಗು ಬಂತು.

ಮೂರನೇ ದಿನ ಕೆಂಪು ಆ ಗೆರೆ ದಾಟಿ ಒಂದು ಬೆರಳಿನಷ್ಟು ಮೇಲೆ ಬಂದಿತ್ತು. ಜ್ವರ ಇಲ್ಲ, ನೋವಂತೂ ಮೊದಲೇ ಗೊತ್ತಾಗದು. ಬಿಚ್ಚಿದಾಗ ಸಣ್ಣ ವಾಸನೆ, ಅಷ್ಟೇ. "ಇದು ಪಟ್ಟಿ ಕಟ್ಟಿ ಮುಗಿಸೋದಲ್ರಿ, ಇವತ್ತ ಡಾಕ್ಟರಿಗೆ ತೋರಸ್ರಿ" ಅಂದರು. ತೋರಿಸಿದೆವು. ಒಳಗೆ ಕೀವು ಕಟ್ಟಿತ್ತು. ಅದನ್ನು ತೆಗೆದು, ಯಾವ ಸೋಂಕು ಅಂತ ನೋಡಲು ಲ್ಯಾಬಿಗೆ ಕಲ್ಚರ್‌ಗೆ ಕಳಿಸಿ, ಮಾತ್ರೆ ಬದಲಿಸಿದರು.

ಒಂದು ಸ್ಟಾರ್ ಕಡಿಮೆ ಮಾಡಿದ್ದು ರವಿವಾರದ ಸಲುವಾಗಿ. ಅವತ್ತು ಬಂದ ಹುಡುಗ ಗ್ಲೌಸ್ ಹಾಕಿಕೊಂಡೇ ಮೊಬೈಲ್ ತೆಗೆದು ಮಾತಾಡಿ, ಅದೇ ಕೈಯಲ್ಲಿ ಗಾಯ ಮುಟ್ಟಲು ಬಂದ. ಕೈ ಹಿಡಿದು ನಿಲ್ಲಿಸಿದೆ. ಆಫೀಸಿಗೆ ಹೇಳಿದರೆ "ನೋಡ್ತೇವ್ರಿ ಸರ್". ಇನ್ನೂ ನೋಡುತ್ತಿದ್ದಾರೆ. ಬಿಲ್ಲನ್ನೂ ಕೇಳಿ ಕೇಳಿ ತಗೋಬೇಕು.

ಹತ್ತು ರೂಪಾಯಿ ನಾಣ್ಯದಷ್ಟಿದ್ದ ಗಾಯ ಎರಡು ತಿಂಗಳಲ್ಲಿ ಶೇಂಗಾ ಕಾಳಿನಷ್ಟಾಗಿದೆ. ಈಗ ದಿನ ಬಿಟ್ಟು ದಿನ ಬರುತ್ತಾರೆ. ಬುಕ್ ಮಾಡುವಾಗ ಗದಗಿನ ಸಿಸ್ಟರನ್ನೇ ಕಳಿಸಿ ಅನ್ನಿ.