ಟಾಯ್ಲೆಟ್ ನೀರು ಮನೆಯೊಳಗೆ ಬಂದ್ರೆ ನಾವೇ ತೊಳೆಯೋದಾ, ಕ್ಲೀನಿಂಗ್‌ನವ್ರನ್ನ ಕರೆಯೋದಾ?

ಮಂಗ್ಳೂರಲ್ಲಿ ಜೋರು ಮಳೆಗೆ ಯುಜಿಡಿ ಲೈನಿಗೆ, ಅಂದ್ರೆ ನೆಲದಡಿಯ ಒಳಚರಂಡಿಗೆ, ಮಳೆನೀರು ಸೇರಿ ಮ್ಯಾನ್‌ಹೋಲ್ ತುಂಬ್ತದೆ, ತಗ್ಗಲ್ಲಿರೋ ಮನೆಗಳಲ್ಲಿ ಕೊಳಚೆ ವಾಪಸ್ ಬಾತ್‌ರೂಮಿಂದ್ಲೇ ಉಕ್ತದೆ. ಒದ್ದೆ ಕಾಲಲ್ಲಿ ಸ್ವಿಚ್ ಮುಟ್ಬೇಡಿ ಆಯ್ತಾ.

ಟೈಲ್ಸ್ ಹಾಕಿದ ಬಾತ್‌ರೂಮಲ್ಲಿ ಮಾತ್ರ ನಿಂತಿದ್ರೆ ನಾವೇ ಮಾಡ್ಬಹುದು. ಗಂಬೂಟು, ರಬ್ಬರ್ ಗ್ಲೌಸ್ ಹಾಕಿ ಮೊದ್ಲು ಸೋಪುನೀರಲ್ಲಿ ಉಜ್ಜಿ ತೊಳೀರಿ, ಆಮೇಲೆ ಲೀಟರಿಗೆ ಸುಮಾರು 30 ಗ್ರಾಂ ಬ್ಲೀಚಿಂಗ್ ಪೌಡರ್ ಕಲಸಿ ಹಾಕಿ 10 ನಿಮಿಷ ಬಿಡಿ, ಕೊಳೆ ಇರುವಾಗ್ಲೇ ಹಾಕಿದ್ರೆ ಅದರ ಶಕ್ತಿ ಕೊಳೆಗೇ ಮುಗೀತದೆ. ಆಸಿಡ್ ಜೊತೆ ಬೆರೆಸ್ಲೇಬೇಡಿ, ಕ್ಲೋರಿನ್ ಗ್ಯಾಸ್ ಬರ್ತದೆ.

ಹಾಲ್‌ವರೆಗೆ ಬಂದಿದ್ರೆ ನಾನಂತೂ ಜನ ಕರೀರಿ ಅಂತೇನೆ. ನಮ್ದು ಹಳೇ ಕೆಂಪುಕಲ್ಲಿನ ಮನೆ, ನಾವೇ ತೊಳೆದು ಫ್ಯಾನ್ ಹಾಕಿ ಒಣಗಿತು ಅಂದ್ಕೊಂಡ್ವಿ, ವಾರ ಬಿಟ್ಟು ಕಪಾಟು ಸರಿಸಿದ್ರೆ ಹಿಂದೆ ಮೊಣಕಾಲೆತ್ತರಕ್ಕೆ ಕಪ್ಪು ಬೂಷ್ಟು, ಬೆರಳಲ್ಲಿ ಒತ್ತಿದ್ರೆ ಸಾರಣೆ ಪುಡಿಪುಡಿ. ಕೆಂಪುಕಲ್ಲು ನೀರು ಕುಡೀತದೆ, ಮಳೆಗಾಲದ ಗಾಳಿಗೆ ಒಣಗೋದೇ ಇಲ್ಲ. ಒಳ್ಳೇ ಟೀಮಿನವ್ರು ನೀರು ಎಳೆಯೋ ವೆಟ್ ವ್ಯಾಕ್ಯೂಮ್, ಗಾಳಿಯ ತೇವ ತೆಗೆಯೋ ಡಿಹ್ಯುಮಿಡಿಫೈಯರ್ ತರ್ತಾರೆ, ಗೋಡೆಯ ತೇವ ಮೀಟರಲ್ಲಿ ನೋಡ್ತಾರೆ. ಆದ್ರೆ ಡೀಪ್ ಕ್ಲೀನಿಂಗ್ ಅನ್ನೋರೆಲ್ಲ ಇದನ್ನ ಮಾಡಲ್ಲ, ಬರೀ ಸ್ಪ್ರೇ ಹೊಡೆದು ಹೋಗೋರೂ ಉಂಟು, ಒಣಗಿಸೋದು ರೇಟಲ್ಲಿ ಸೇರಿದ್ಯಾ ಅಂತ ಮೊದ್ಲೇ ಕೇಳಿ. ಹಾಸಿಗೆ ಒದ್ದೆಯಾಗಿದ್ರೆ ಯಾರು ತೊಳೆದ್ರೂ ಬೇಡ, ಬಿಸಾಡಿ.

ಬ್ಲಾಕ್ ತೆಗೆಯೋದು ಬೇರೆ ಕೆಲಸ, ಅದಕ್ಕೆ ಜೋರಾಗಿ ನೀರು ಹಾಯಿಸಿ ಪೈಪ್ ಬಿಡಿಸೋ ಜೆಟ್ಟಿಂಗ್ ಮಿಷನ್ ಬೇಕು. ಕಡಿಮೆಗೆ ಆಗ್ತದೆ ಅಂತ ಯಾರನ್ನೂ ಗುಂಡಿಗೆ ಇಳಿಸ್ಬೇಡಿ ದಯವಿಟ್ಟು, ಒಳಗಿನ ಗ್ಯಾಸಿಗೆ ಜೀವ ಹೋಗ್ತದೆ, ಮಲ ಬಾಚಿಸೋದನ್ನ ನಿಷೇಧಿಸಿದ 2013ರ ಕಾಯ್ದೆಯಲ್ಲೂ ಅದು ಅಪರಾಧ. ತೊಳೆದ ಮೇಲೆ ಜ್ವರ ಬಂದ್ರೆ ಕೊಳಚೆ ಮುಟ್ಟಿದ್ದು ಡಾಕ್ಟ್ರಿಗೆ ಹೇಳಿ, ಇಲಿಜ್ವರ ಇರ್ಬಹುದು.