ಗೆಳೆಯನ ಕಂಪ್ಯೂಟರಿಗೆ ನಮ್ಮ ನೋಡ್ (ಜಾಲಕ್ಕೆ ಸೇರುವ ನಮ್ಮ ಕಂಪ್ಯೂಟರ್) ಪರಿಚಯಿಸಲು ಯಾವ ದಾರಿ ಸಲೀಸು?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸಿಂಕ್‌ಥಿಂಗ್‌ನ ಡಿವೈಸ್ ಐಡಿಗೆ. ಕಂಪ್ಯೂಟರುಗಳ ನಡುವೆ ಫೈಲ್‌ಗಳನ್ನು ಒಂದೇ ಸಮ ಇಡುವ ತಂತ್ರಾಂಶ ಅದು, ಐಡಿ ಎಂದರೆ ಯಂತ್ರದ ಗುರುತು. ಫ್ರೀನೆಟ್ (ಗುಟ್ಟಾಗಿ ಮಾಹಿತಿ ಹಂಚುವ ಜಾಲ), ಟಾಕ್ಸ್ (ಚಾಟ್ ಮಾಡಲು), ಮ್ಯಾಜಿಕ್ ವರ್ಮ್‌ಹೋಲ್ (ಫೈಲ್ ಕಳಿಸಲು) ಎಲ್ಲ ಬಳಸಿ ನೋಡಿದ ಮೇಲೆ ಹೇಳುತ್ತಿರುವುದು. ಇವುಗಳ ಕೆಲಸ ಬೇರೆ ಬೇರೆ, ಗೊತ್ತು. ನಾನು ನೋಡಿದ್ದು ಒಂದೇ ವಿಷಯ: ಎಲ್ಲೂ ಖಾತೆ ತೆರೆಯದೆ ಎರಡು ಕಂಪ್ಯೂಟರ್ ಜೋಡಿಸಬೇಕಾದರೆ ಒಬ್ಬ ಇನ್ನೊಬ್ಬನಿಗೆ ಏನು ಕೊಡಬೇಕು?

ಫ್ರೀನೆಟ್‌ನಲ್ಲಿ (2023ರಿಂದ ಇದರ ಹೆಸರು ಹೈಫನೆಟ್) ಗೆಳೆಯರ ನಡುವೆ ಮಾತ್ರ ಸಂಪರ್ಕ ಬೇಕೆಂದರೆ ನೋಡ್‌ರೆಫ್ ಕೊಡಬೇಕು. ನಮ್ಮ ನೋಡ್ ಪರಿಚಯ ಹೇಳುವ ಹಲವು ಸಾಲುಗಳ ಪಠ್ಯ ಅದು. ಗುರುತು, ಆವೃತ್ತಿ, ಸಹಿ, ಐಪಿ (ಅಂತರ್ಜಾಲದಲ್ಲಿ ನಮ್ಮ ವಿಳಾಸ), ಪೋರ್ಟ್ ಎಲ್ಲ ಅದರೊಳಗೇ. ನನ್ನದನ್ನು ಅವನು, ಅವನದನ್ನು ನಾನು, ಇಬ್ಬರೂ ಸೇರಿಸಿಕೊಳ್ಳಬೇಕು.

ತಲೆನೋವು ಶುರುವಾಗಿದ್ದು ಆ ಐಪಿಯಿಂದ. ನಾನು ರೆಫ್ ಕಳಿಸಿದೆ. ರಾತ್ರಿ ಕರೆಂಟ್ ಹೋಯಿತು, ರೌಟರ್ ಮತ್ತೆ ಆನ್ ಆದಾಗ ಐಪಿ ಬೇರೆ. ಗೆಳೆಯ ಮರುದಿನ ಸಾವಕಾಶವಾಗಿ ಸೇರಿಸಿದ. ಅವನ ನೋಡ್ ನನ್ನ ಹಳೇ ವಿಳಾಸದ ಬಾಗಿಲು ಬಡಿಯುತ್ತಾ ಕೂತಿತು. ನನ್ನ ಕಡೆಯಿಂದ ಹೋಗೋಣವೆಂದರೆ ಅವನ ಲೈನು ಸಿಜಿನ್ಯಾಟ್ (ಇಂಟರ್ನೆಟ್ ಕಂಪನಿ ಹಲವು ಗ್ರಾಹಕರಿಗೆ ಒಂದೇ ಐಪಿ ಹಂಚುವ ಏರ್ಪಾಡು) ಹಿಂದೆ, ಹೊರಗಿನಿಂದ ಬಂದದ್ದು ಒಳಗೆ ಹೋಗುವುದಿಲ್ಲ.

ಇದಕ್ಕೆ ಫ್ರೀನೆಟ್‌ನಲ್ಲಿ ಪರಿಹಾರ ಇಲ್ಲದೇ ಇಲ್ಲ. ರೆಫ್‌ನಲ್ಲಿ ಎಆರ್‌ಕೆ ಎಂಬ ಕೀ ಇರುತ್ತದೆ. ಐಪಿ ಬದಲಾದರೆ ಹೊಸದನ್ನು ನಮ್ಮ ನೋಡ್ ಆ ಕೀ ಅಡಿಯಲ್ಲಿ ಜಾಲಕ್ಕೇ ಹಾಕುತ್ತದೆ, ಗೆಳೆಯರ ನೋಡ್ ಅದನ್ನು ಜಾಲದಿಂದಲೇ ತೆಗೆದುಕೊಳ್ಳುತ್ತದೆ. ಚೆನ್ನಾಗಿದೆ, ಅಲ್ವಾ? ಆದರೆ ಅದಕ್ಕೆ ಮೊದಲು ಜಾಲದೊಳಗೆ ಇರಬೇಕು. ನಮ್ಮಿಬ್ಬರಿಗೂ ಬೇರೆ ಯಾವ ಗೆಳೆಯನ ಸಂಪರ್ಕವೂ ಇರಲಿಲ್ಲ. ಕೀ ಇದ್ದೂ ಪ್ರಯೋಜನವಿಲ್ಲ. ಮತ್ತೆ ಹೊಸ ರೆಫ್, ಮತ್ತೆ ಮೇಲ್, ಮತ್ತೆ ‘ಸೇರಿಸಿದೆಯಾ?’ ಎಂಬ ಫೋನು.

ಸಿಂಕ್‌ಥಿಂಗ್ ಐಡಿಯಲ್ಲಿ ಐಪಿಯೇ ಇಲ್ಲ. ಅದು ಆ ಯಂತ್ರದ ಸರ್ಟಿಫಿಕೇಟಿನ (ಡಿಜಿಟಲ್ ಗುರುತುಪತ್ರದ) ಎಸ್‌ಎಚ್‌ಎ-256 ಹ್ಯಾಶ್, ಅಂದರೆ ಅದರಿಂದ ಲೆಕ್ಕಹಾಕಿದ ಬೆರಳಚ್ಚಿನಂಥ ಗುರುತು, ಅಷ್ಟೇ. ಈಗ ಯಾವ ವಿಳಾಸದಲ್ಲಿದೆ ಎಂಬುದನ್ನು ಡಿಸ್ಕವರಿ ಸರ್ವರ್ ಹೇಳುತ್ತದೆ. ನೇರ ದಾರಿ ಸಿಗದಿದ್ದರೆ ಮಧ್ಯೆ ನಿಂತು ದಾಟಿಸುವ ರಿಲೇ ಸರ್ವರ್ ಇದೆ. ಐಡಿ ಎಂದರೆ 7 ಅಕ್ಷರದ 8 ಗುಂಪು, ತಪ್ಪು ಹಿಡಿಯುವ ಅಕ್ಷರಗಳೂ ಅದರಲ್ಲೇ ಸೇರಿವೆ. ಓ ಬದಲು ಸೊನ್ನೆ, ಬಿ ಬದಲು 8 ಒತ್ತಿದರೆ ತಾನೇ ಸರಿಮಾಡಿಕೊಳ್ಳುತ್ತದೆ. ಫೋನಿನಲ್ಲಿ ಓದಿ ಹೇಳುವ ನನ್ನಂಥವರಿಗೆ ಇದು ದೊಡ್ಡ ಉಪಕಾರ.

ಒಂದು ಕೊರತೆ ನಿಜ: ಐಡಿ ಗೊತ್ತಿದ್ದ ಯಾರಾದರೂ ಡಿಸ್ಕವರಿ ಸರ್ವರ್ ಕೇಳಿ ನಮ್ಮ ಐಪಿ ತಿಳಿಯಬಹುದು. ನಾವು ಒಪ್ಪದೆ ಫೈಲ್ ಮಾತ್ರ ಸಿಗುವುದಿಲ್ಲ. ಮಧ್ಯದ ಸರ್ವರೇ ಬೇಡ ಎನ್ನುವವರಿಗೆ ಫ್ರೀನೆಟ್ ಹಟ ಅರ್ಥವಾಗುತ್ತದೆ. ನನ್ನದು ಮನೆ ಫೋಟೋಗಳು, ಅಷ್ಟು ಗುಟ್ಟು ಬೇಕಿಲ್ಲ.

ಟಾಕ್ಸ್ ಐಡಿ 76 ಅಕ್ಷರ. ಕಾಪಿ ಮಾಡಿ ಅಂಟಿಸಿದರೆ ಸರಿ, ಬಾಯಲ್ಲಿ ಹೇಳುವ ಮಾತೇ ಇಲ್ಲ. ಆದರೆ ಅದರ ನೋಸ್ಪ್ಯಾಮ್ ಭಾಗ ನನಗೆ ಇಷ್ಟ: ಅದನ್ನು ಬದಲಿಸಿದರೆ ಹಳೇ ಐಡಿಗೆ ಹೊಸ ಕೋರಿಕೆ ಬರುವುದಿಲ್ಲ, ಇರುವ ಗೆಳೆಯರು ಹಾಗೇ ಉಳಿಯುತ್ತಾರೆ. ಸಿಂಕ್‌ಥಿಂಗ್‌ಗೂ ಇಂಥದ್ದೊಂದು ಬೇಕಿತ್ತು.

ವರ್ಮ್‌ಹೋಲ್‌ನಲ್ಲಿ ಕೊಡಬೇಕಾದ ಕೋಡ್ ಒಂದು ಸಂಖ್ಯೆ, ಎರಡು ಪದ. ಇಬ್ಬರೂ ಅದೇ ಹೊತ್ತಿಗೆ ಆನ್‌ಲೈನ್ ಇರಬೇಕು. ಕೋಡ್ ತಪ್ಪಿದರೆ ಹೊಸದು.

ಸ್ಟಾಟಿಕ್ (ಬದಲಾಗದ) ಐಪಿಗೆ ಪ್ರತಿ ತಿಂಗಳು ದುಡ್ಡು ಕಟ್ಟುವವರಿಗೆ, ಮೊದಲೇ ನಾಲ್ಕಾರು ಗೆಳೆಯರು ಫ್ರೀನೆಟ್‌ನಲ್ಲಿರುವವರಿಗೆ ನೋಡ್‌ರೆಫ್ ಕಾಟ ಕೊಡಲಿಕ್ಕಿಲ್ಲ. ನಾನು ಆ ದುಡ್ಡು ಕೊಡುವುದಿಲ್ಲ. ಸಿಂಕ್‌ಥಿಂಗ್ ಹಳೇ ಲ್ಯಾಪ್‌ಟಾಪಿನಲ್ಲಿ ಸದಾ ಓಡುತ್ತಿದೆ. ಒಂದೇ ಒಂದು ಫೈಲ್ ಕಳಿಸುವುದಿದ್ದರೆ ಮಾತ್ರ ವರ್ಮ್‌ಹೋಲ್ ತೆರೆಯುತ್ತೇನೆ.