ಮತ್ತೆ ನಂಬಿಕೆಗೆ ಬಂದವರಿಗೆ ಯಾವ ಬೈಬಲ್? ಸುಲಭ ಅನುವಾದವನ್ನು ಬಹಳ ಕಾಲ ಬಳಸಿದ ಮೇಲೆ

ವರ್ಲ್ಡ್ ಬೈಬಲ್ ಟ್ರಾನ್ಸ್‌ಲೇಶನ್ ಸೆಂಟರ್‌ನವರ ಸುಲಭ ಕನ್ನಡದ 'ಪರಿಶುದ್ಧ ಬೈಬಲ್' ಬಗ್ಗೆ ಬರೆಯುತ್ತಿದ್ದೇನೆ. ಬಹಳ ವರ್ಷ ಚರ್ಚಿನ ಸಭೆಯಿಂದ ದೂರವಿದ್ದು ಮತ್ತೆ ಓದಲು ಕೂತಾಗ ಆರಿಸಿಕೊಂಡದ್ದು ಇದನ್ನೇ. ಪುಟಗಳ ಅಂಚು ಮಾಸುವಷ್ಟು ಬಳಸಿದ್ದೇನೆ. ಹಾಗಾಗಿ ಇದರ ಒಳ್ಳೆಯದು ಕೆಟ್ಟದ್ದು ಎರಡೂ ಗೊತ್ತು.

ಚಿಕ್ಕಂದಿನಿಂದ ಕೇಳಿದ್ದು ಬೈಬಲ್ ಸೊಸೈಟಿಯ ಹಳೆಯ 'ಸತ್ಯವೇದವು'. ಅದರ ಭಾಷೆ ಕಷ್ಟ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಅಡ್ಡ ಬಂದದ್ದು ಅದರ ಸಲಿಗೆ. 'ಯೆಹೋವನು ನನಗೆ ಕುರುಬನು' ಅಂತ ಕಣ್ಣಿಗೆ ಬಿದ್ದ ಕೂಡಲೇ 'ಕೊರತೆಪಡೆನು' ಬಾಯಿಗೆ ಬಂದುಬಿಡುತ್ತದೆ. ಕಣ್ಣು ಸಾಲಿನ ಮೇಲೆ, ಮನಸ್ಸು ಇನ್ನೆಲ್ಲೋ. ಅದೇ ವಾಕ್ಯಗಳನ್ನು ತೋರಿಸಿ ಬೈಸಿಕೊಂಡ ನೆನಪು ಬೇರೆ. ದೂರ ಹೋದ ಎಷ್ಟೋ ಜನರಿಗೆ ಇಂಥ ನೆನಪು ಇರುತ್ತದೆ, ಅಲ್ವಾ?

ಸುಲಭ ಅನುವಾದದಲ್ಲಿ ಆ ಹಳೆಯ ದನಿ ಇಲ್ಲ. ವಾಕ್ಯಗಳು ಚಿಕ್ಕವು, ಪದಗಳು ದಿನಬಳಕೆಯವು. ಇದೇ ಸಂಸ್ಥೆ ಇಂಗ್ಲಿಷ್‌ನಲ್ಲಿ ಈ ಕೆಲಸ ಶುರು ಮಾಡಿದ್ದು ಕಿವಿ ಕೇಳದವರಿಗಾಗಿ. ಸನ್ನೆ ಭಾಷೆಯೇ ಮೊದಲ ಭಾಷೆಯಾದವರು ಓದಲಿ ಅಂತ ವಾಕ್ಯಗಳನ್ನು ಬಿಡಿಸಿ ಬರೆದರು. ಕನ್ನಡದಲ್ಲೂ ಆ ಗುಣ ಕಾಣುತ್ತದೆ. ಮಾರ್ಕನ ಸುವಾರ್ತೆಗೆ ಇದು ಹೇಳಿ ಮಾಡಿಸಿದ ಹಾಗಿದೆ. ಬರೀ 16 ಅಧ್ಯಾಯ, ಒಂದೇ ಸಲ ಕೂತು ಮುಗಿಸಬಹುದು. ಶಿಷ್ಯರಿಗೆ ಏನೂ ಅರ್ಥವಾಗುವುದಿಲ್ಲ, ಯೇಸುವಿಗೆ ಸಿಟ್ಟು ಬರುತ್ತದೆ, ಜನ ಮುತ್ತಿಕೊಳ್ಳುತ್ತಾರೆ. ಇದೆಲ್ಲ ಕಥೆಯಾಗಿ ಓಡುತ್ತದೆ. 9ನೇ ಅಧ್ಯಾಯದಲ್ಲಿ ಮಗನ ಕಾಯಿಲೆಗೆ ಸೋತ ಅಪ್ಪ ಬರುತ್ತಾನೆ. ನಂಬುತ್ತೇನೆ ಅನ್ನುತ್ತಾನೆ, ಅದೇ ಉಸಿರಿನಲ್ಲಿ ನನ್ನ ಅಪನಂಬಿಕೆ ನೀಗಲು ಸಹಾಯ ಮಾಡು ಅಂತಲೂ ಕೇಳುತ್ತಾನೆ. ಚಿಕ್ಕಂದಿನಲ್ಲಿ ನೂರು ಸಲ ಕೇಳಿದ್ದ ಮಾತು. ಅರ್ಧ ನಂಬಿಕೆಯಲ್ಲಿ ಬಂದವನಿಗೂ ಆ ಗುಂಪಿನಲ್ಲಿ ಜಾಗ ಇತ್ತು ಅಂತ ಈಗ ಗೊತ್ತಾಯಿತು.

ಆದಿಕಾಂಡ, ಸಮುವೇಲ, ಲೂಕ, ಅಪೊಸ್ತಲರ ಕೃತ್ಯಗಳು, ಹೀಗೆ ಕಥೆ ಇರುವ ಕಡೆಯೆಲ್ಲ ಚೆನ್ನಾಗಿದೆ. ಬಲಿ, ಶುದ್ಧಿಯ ನಿಯಮಗಳೇ ತುಂಬಿದ ಯಾಜಕಕಾಂಡವನ್ನು ಯಾವ ಅನುವಾದವೂ ಕಾಪಾಡಲಾರದು, ಅದು ಬಿಡಿ.

ಪೌಲನ ಪತ್ರಗಳಲ್ಲಿ ಮಾತ್ರ ಇದು ಕೈಕೊಡುತ್ತದೆ. ಎಫೆಸದವರಿಗೆ ಬರೆದ ಪತ್ರದ ಮೊದಲ ಅಧ್ಯಾಯದಲ್ಲಿ 3ರಿಂದ 14ನೇ ವಚನದವರೆಗೆ ಗ್ರೀಕ್‌ನಲ್ಲಿ ಒಂದೇ ಉದ್ದ ವಾಕ್ಯ. ಒಂದು ಮಾತು ಇನ್ನೊಂದಕ್ಕೆ ಜೋತುಬಿದ್ದಿರುತ್ತದೆ. ಅದನ್ನು ತುಂಡು ತುಂಡು ಮಾಡಿದರೆ ಪ್ರತಿ ತುಂಡೂ ಅರ್ಥವಾಗುತ್ತದೆ, ಆದರೆ ಯಾವುದರಿಂದ ಯಾವುದು ಬಂತು ಅನ್ನುವುದು ಸಡಿಲವಾಗುತ್ತದೆ. ರೋಮಾಪುರದವರಿಗೆ ಬರೆದ ಪತ್ರದ ಕಥೆಯೂ ಇದೇ. ಎರಡು ಅರ್ಥಕ್ಕೆ ಅವಕಾಶವಿರುವ ಕಡೆ ಅನುವಾದಕರೇ ಒಂದನ್ನು ಆರಿಸಿರುತ್ತಾರೆ. ಓದುವವರಿಗೆ ಅದು ತಿಳಿಯುವುದೇ ಇಲ್ಲ. ಪತ್ರಗಳಿಗೆ ನಾನು ಹಳೆಯ ಸತ್ಯವೇದಕ್ಕೇ ಹೋಗುತ್ತೇನೆ. ಕೀರ್ತನೆಗಳಿಗೂ ಅಷ್ಟೇ. ಸುಲಭ ಅನುವಾದದ ಕೀರ್ತನೆ ಅರ್ಥವಾಗುತ್ತದೆ, ಬಾಯಲ್ಲಿ ನಿಲ್ಲುವುದಿಲ್ಲ. ಸಂಕಟದಲ್ಲಿ ಸುಮ್ನೆ ಹೇಳಿಕೊಳ್ಳಲು ಲಯ ಬೇಕು.

ಕೊಳ್ಳುವ ಮುಂಚೆ ಪುಸ್ತಕಗಳ ಪಟ್ಟಿ ನೋಡಿ. ಪ್ರಾಟೆಸ್ಟಂಟರ ಬೈಬಲ್‌ನಲ್ಲಿ 66 ಪುಸ್ತಕ, ಕಥೋಲಿಕರದ್ದರಲ್ಲಿ 73. ತೋಬಿತ, ಯೂದಿತ, ಮಕ್ಕಬಿಯರ ಪುಸ್ತಕಗಳು ಬೇಕಿದ್ದವರಿಗೆ ಈ ಪರಿಶುದ್ಧ ಬೈಬಲ್ ಸಾಲದು. ಇಂಗ್ಲಿಷ್ ಜೊತೆ ಇಟ್ಟು ಓದುವವರಿಗೆ ಇನ್ನೊಂದು ಮಾತು. ಮತ್ತಾಯ 17:21 ಅಂಥ ಕೆಲವು ವಚನಗಳು 1611ರ ಕಿಂಗ್ ಜೇಮ್ಸ್ ಅನ್ನುವ ಹಳೆಯ ಇಂಗ್ಲಿಷ್ ಅನುವಾದದಲ್ಲಿವೆ, ಈ ಕಾಲದ ಎನ್‌ಐವಿ (ನ್ಯೂ ಇಂಟರ್‌ನ್ಯಾಷನಲ್ ವರ್ಷನ್) ಅನುವಾದದಲ್ಲಿ ಅಡಿಟಿಪ್ಪಣಿಗೆ ಇಳಿದಿವೆ. ಯಾರೋ ಬೈಬಲ್ ತಿದ್ದಿದರು ಅಂತ ಗಾಬರಿ ಬೇಡ. 4ನೇ ಶತಮಾನದ ಕೈಬರಹದ ಪ್ರತಿಗಳಲ್ಲಿ ಆ ವಚನ ಇಲ್ಲ, ಅದಕ್ಕೇ ಕೆಳಗೆ ಹೋಗಿದೆ.

ಮೊಬೈಲ್‌ನಲ್ಲಿ ಹಲವು ಅನುವಾದ ಪುಕ್ಕಟೆ ಸಿಗುತ್ತವೆ. ಶುರುವಿನಲ್ಲಿ ಅವನ್ನೆಲ್ಲ ಪಕ್ಕಪಕ್ಕ ಇಟ್ಟು ಹೋಲಿಸಲು ಹೋಗಬೇಡಿ, ಓದು ಮುಂದೆ ಸಾಗುವುದಿಲ್ಲ. ಟಿಪ್ಪಣಿ ತುಂಬಿದ ದಪ್ಪ ಸ್ಟಡಿ ಬೈಬಲ್ ಕೂಡ ಈಗಲೇ ಬೇಡ. ಟಿಪ್ಪಣಿ ಬರೆದವರಿಗೂ ಒಂದು ಪಂಗಡ ಇರುತ್ತದೆ. ಅವರ ಜಗಳಗಳನ್ನು ಆಮೇಲೆ ನೋಡಿಕೊಳ್ಳಬಹುದು.

ಈ ಅನುವಾದದ ಒಂದು ತಾಪತ್ರಯ ಈಗಲೂ ಇದೆ. ಸಭೆಯಲ್ಲಿ ಎಲ್ಲರೂ ಒಟ್ಟಿಗೆ ಹಳೆಯದನ್ನು ಓದುವಾಗ ನನ್ನ ಪುಸ್ತಕದ ಸಾಲು ಹೊಂದುವುದಿಲ್ಲ. ಆಗ ಇದನ್ನು ಮುಚ್ಚಿಟ್ಟು ಪಕ್ಕದವರ ಪುಸ್ತಕ ನೋಡುತ್ತೇನೆ.